ಒಂಬೈನೂರಾ ಹತ್ತು

ನಮ್ಮ ಶೆಡ್ಡಿನಾಗ ಫ್ಯಾನ್ ಹಚ್ಚಂಗಿಲ್ಲ.
ಭಾಗ್ಯನಗರದ ಬ್ಯಾಸಗಿ, ಮ್ಯಾಲೆ ತಗಡು,
ಆದರೂ ಗಾಳಿ ಬಂದರ ಕೂದಲ ಹಾರ್ತಾವ.
ಮೂವತ್ತು ಮಂದಿ ಹೆಣ್ಮಕ್ಕಳು ಕುಂತು
ಯಾರ‍್ಯಾರೋ ಬಾಚಿ ಬಿಟ್ಟ ಸಿಕ್ಕು ಬಿಡಿಸ್ತೀವಿ,
ಬೇರು ಒಂದು ಕಡೆ, ತುದಿ ಒಂದು ಕಡೆ.
ಸಂಜಿಗೆ ತೂಗಾಕಿ ನಾನು.

ರೇಣವ್ವ ಸಿಕ್ಕು ಅರ್ಧ ಬಿಡಿಸಿ ಎದ್ದು ಹೋದಳು,
ಏಳು ತಿಂಗಳಿಗೇ ಹಡೆದಳು.
ಕೂಸು ಒಂಬೈನೂರಾ ಹತ್ತು ಗ್ರಾಂ.
ಇಪ್ಪತ್ತಿಂಚಿನ ಕೂದಲ ಅಷ್ಟಿದ್ದರ
ಬೆಲಿ ಎಷ್ಟಂತ ನಿದ್ದಿಗಣ್ಣಾಗ ಹೇಳ್ತೀನಿ.
ಕೂಸಿಂದು ನರ್ಸ್ ಹೇಳಿದಳು:
ದಿನಕ್ಕ ಹನ್ನೊಂದು ಸಾವಿರ,
ಇಂಜೆಕ್ಷನ್ ಬ್ಯಾರೆ.
ಸರಕಾರಿ ದವಾಖಾನ್ಯಾಗ ಪೆಟ್ಟಿಗಿ ಖಾಲಿ ಇಲ್ಲ,
ಒಂದೊಂದರಾಗ ಎರಡೆರಡು ಕೂಸು.

ನೂರು ಪುಟದ ನೋಟ್‌ಬುಕ್ ತಂದೆ.
ಹೆಸರಿಲ್ಲದ ಕೂಸು; ಕಾಲಿಗೆ ಕಟ್ಟಿದ ಚೀಟಿಯಾಗ ಇದ್ದಂಗ
‘ರೇಣವ್ವನ ಬೇಬಿ’ ಅಂತ ಬರೆದೆ.
ದ್ಯಾಮವ್ವ, ಒಂದು ದಿನದ ಪಗಾರ.
ಖಾಜಾಬೀ, ಎರಡು. “ಒಂದು ನನ್ನ ಸೊಸೀದು,
ಆಕಿನ್ನ ಇನ್ನೂ ಕೇಳಿಲ್ಲ” ಅಂದು ನಕ್ಕಳು.
ಪಿನ್ನು, ಬಲೂನು ಕೊಟ್ಟು ಓಣಿ ಓಣಿ ಕೂದಲ ತರೂ ಯಂಕೋಬ
ಚಿಲ್ಲರಿ ಚೀಲಾನ ಸುರುವಿದ, ಎಣಿಸಾಕ ಅರ್ಧ ತಾಸು.
ಕಿರಾಣಿ ಅಂಗಡಿಯಾತ ಐನೂರು ಬರೆಸ್ಯಾನ,
ಇನ್ನೂ ಕೊಟ್ಟಿಲ್ಲ.

ಮ್ಯಾನೇಜರ್ ಅಂದ: “ಫೋಟೋ ಹಾಕು,
ಮೂಗಿನಾಗಿನ ನಳಿಗಿ ಕಾಣಬೇಕು,
ಆವಾಗ ಮಂದಿ ಕರಗ್ತಾರ.”
ರೇಣವ್ವ ಸೆರಗು ಬಾಯಿಗೆ ಒತ್ತಿದಳು:
“ಮೈಮ್ಯಾಲೆ ಅರಿವಿಲ್ಲಕ್ಕಾ ಅದಕ್ಕ.
ನಾಳೆ ದೊಡ್ಡಾಕಿ ಆಗಿ ನನ್ನ ಕೇಳ್ತಾಳ.”

ಅವತ್ತು ರಾತ್ರಿ ಒಬ್ಬಾಕಿನ ಕುಂತು
ತಕ್ಕಡಿಗೆ ಕೂದಲ ಹಾಕಿದೆ,
ಕಡೀಕ ಒಂದೊಂದೇ ಎಳಿ,
ಕೆಂಪು ಅಂಕಿ ೯೧೦ ಆಗೂತನಕ.
ಅದರ ಫೋಟೋ ತೆಗೆದು ಕೆಳಗ ಬರೆದೆ:
ನಮ್ಮ ಕೂಸು ಇಷ್ಟು ಐತಿ.

ಗಂಗಾವತಿ ಗಿರಣಿ ಹಮಾಲರು ಕಳಿಸಿದರು.
ಕಿನ್ನಾಳದ ಟೀಚರೊಬ್ಬರು.
ಚೆನ್ನೈದ ಸೇಠ, “ಮಾಲು ಎಷ್ಟು ಇಂಚು?” ಅಂತ ಕೇಳಿದಾಂವ,
ತಿಳಿದ ಮ್ಯಾಲೆ ಮಾತಿಲ್ಲದ ಎರಡು ಸಾವಿರ.

ಮೂರನೇ ದಿನ ಎಂಟುನೂರಾ ಐವತ್ತು.
ಮೊದಲಿಗೆ ಇಳೀತೈತಿ ಅಂದಳು ನರ್ಸ್.
ತಕ್ಕಡಿಯಿಂದ ಒಂದು ಹಿಡಿ ತೆಗೆದೆ.
ಯಾರೂ ಮಾತಾಡಲಿಲ್ಲ.
ಒಂಬತ್ತನೇ ದಿನ ಸರಕಾರಿ ದವಾಖಾನ್ಯಾಗ
ಒಂದು ಪೆಟ್ಟಿಗಿ ಖಾಲಿ ಆತು.
ಯಾಕ ಖಾಲಿ ಆತಂತ ಯಾರೂ ಕೇಳಲಿಲ್ಲ.
ಹದಿನೈದಕ್ಕ ಮತ್ತ ಒಂಬೈನೂರಾ ಹತ್ತು.
ಬುತ್ತಿ ಬಿಚ್ಚೂ ಮೊದಲು ತಕ್ಕಡಿ ನೋಡೂದು
ಎಲ್ಲಾರಿಗೂ ರೂಢಿ ಆತು.

ಒಮ್ಮೆ ನನ್ನೂ ಒಳಗ ಬಿಟ್ಟರು.
ತಲಿಗೆ ಟೋಪಿಗಿ. “ಒಂದು ಕೂದಲ ಬೀಳಬಾರದು ನೋಡ್ರಿ.”
ಸೀರಿ ಮ್ಯಾಲಿಂದ, ತೋಳಿನ ಮ್ಯಾಲಿಂದ
ಊರ ಮಂದಿ ಕೂದಲ ಆರಿಸಿಕೊಂತ
ಬಾಗಲದಾಗ ನಿಂತೇ ನಿಂತೆ.
ಗಾಜಿನಾಚೆ ಅದರ ಭುಜದ ಮ್ಯಾಲೆ ನವಿರು,
ಜೋಳದ ತೆನಿ ಸುಂಕಿನಂಥಾದ್ದು.
ಯಾವ ಇಂಚಿಗೂ ಬರೂದಿಲ್ಲ ಅದು.

ಸಾವಿರದ ಆರುನೂರು ಆದಾಗ
ಸಾಹುಕಾರ ಮಾಲು ವಾಪಸ್ ಕೇಳಿದ.
ರೇಣವ್ವ ಕೂಸಿನ್ನ ಎದಿಗೆ ಕಟಿಗೊಂಡು ಮನಿಗೆ ಬಂದಳು.
ಖರ್ಚು ಕಳೆದು ಉಳಿದದ್ದು
ನಾಕು ಸಾವಿರದ ಮುನ್ನೂರಾ ಹತ್ತು.
ತಿರುಗಿ ಕೊಡಾಕ ಹೋದರ ಯಾರೂ ಕೈ ಚಾಚಲಿಲ್ಲ.

ನಿನ್ನೆ ಕುಕನೂರು ಕಡಿಯಿಂದ ಫೋನು,
ಗಂಡಸು. ಹೆಸರು ಹೇಳೂದು ಮರತು ಅಳಾಕ ಹತ್ತಿದ್ದ.
ಪುಟ ತಿರುವಿ, ಹೆಸರಿಗೆ ಜಾಗ ಬಿಟ್ಟು,
ಮುಂದ ‘ಬೇಬಿ’ ಅಂತಷ್ಟು ಬರದೀನಿ.
ತಕ್ಕಡಿ ಒರೆಸಿ ಸೊನ್ನಿಗೆ ತಂದೀನಿ.
ತೂಕ ಇನ್ನೂ ಹೇಳಿಲ್ಲ.