ಹಕಾರ

ಅಕ್ಟೋಬರ್ ಮೂವತ್ತೊಂದು.
ಲಿಂಗರಾಜಪುರದ ನಮ್ಮ ಲುಥೆರನ್ ಹೈಸ್ಕೂಲಿನಲ್ಲಿ
ಮಕ್ಕಳು ಬಾಗಿಲಿಗೆ ದೂರು ಅಂಟಿಸುವ ದಿನ.
ಮೊಳೆ ಬೇಡ, ಟೇಪು ಸಾಕು ಎಂದು
ಈ ಸಲ ಪ್ರಿನ್ಸಿಪಾಲರ ಸುತ್ತೋಲೆ.
ಹೋದ ವರ್ಷದ ತೂತುಗಳಿಗೆ
ಅಟೆಂಡರ್ ಜೀವರತ್ನಂ ಮೆತ್ತಿದ ಪುಟ್ಟಿ
ಇನ್ನೂ ಬೆಳ್ಳಗೆ ಕಾಣುತ್ತದೆ.

ಸಂಜೆ, ಕನ್ನಡ ಟೀಚರಾದ ನನ್ನ ಪಾಲಿಗೆ
ಎಂಬತ್ಮೂರು ಚೀಟಿ.
ಶೌಚಾಲಯಕ್ಕೆ ಚಿಲಕ ಹಾಕಿಸಿ.
ಪಿ.ಟಿ. ಪೀರಿಯಡ್ಡನ್ನು ಗಣಿತದವರು ಕದಿಯುತ್ತಾರೆ.
ದೇವರಿಗೆ ಕನ್ನಡ ಬರುವುದಾದರೆ
ಕಾರಿಡಾರಿನಲ್ಲಿ ಆಡಿದ್ದಕ್ಕೆ ದಂಡ ಯಾಕೆ?
(ಮನಸ್ಸಿನಲ್ಲೇ ಹತ್ತಕ್ಕೆ ಹತ್ತು ಕೊಟ್ಟೆ.)

ಕೈ ಸುಮ್ಮನಿರದು. ಕೆಂಪು ಪೆನ್ನು
ಒತ್ತು, ದೀರ್ಘ ತಿದ್ದುತ್ತ ಹೋಯಿತು,
ಬಸ್ ಟಿಕೆಟಿನ ಬೆನ್ನಿಗೆ ಬರೆದ
ಹೆಸರಿಲ್ಲದ ಇದರ ತನಕ:

ಬ್ಯಾಂಡ್ ಪ್ರಾಕ್ಟೀಸು ಏಳು ಗಂಟೆಗೆ ಬೇಡ ಮಿಸ್.
ಅಸಿವಾದ್ರೆ ಊದಕ್ಕಾಗಲ್ಲ.

'ಅ'ಕ್ಕೆ ಸುತ್ತು ಹಾಕಿದೆ.
ಜೂನಿನಿಂದ ಹೇಳಿಕೊಡುತ್ತಿದ್ದೇನೆ:
ಅಂಗೈ ಬಾಯಿಯೆದುರು ಹಿಡಿಯಿರಿ,
ಹಾಲು, ಹಗ್ಗ, ಹೊಟ್ಟೆ,
ಉಸಿರು ತಾಗಿದರೆ ಅದು ಹ.

ಅಕ್ಷರ ಗೊತ್ತು. ಎಂಟನೇ ಬಿ, ಟ್ರಂಪೆಟ್ಟು.
ಪ್ರಾರ್ಥನೆಯ ಮೂರನೇ ಸಾಲಿಗೆ
ಅವನ ಸ್ವರ ಕುಸಿದಾಗಲೆಲ್ಲ
ಇಡೀ ಅಸೆಂಬ್ಲಿ ನಗುತ್ತದೆ.
ಪ್ರಗತಿಪತ್ರದಲ್ಲಿ ನಾನೇ ಬರೆದಿದ್ದೆ:
ಗಮನ ಸಾಲದು.

ಖಾಲಿ ಸ್ಟಾಫ್‌ರೂಮಿನಲ್ಲಿ ಅಂಗೈ ಹಿಡಿದು
ಅವನ ಹಾಗೇ ಹೇಳಿ ನೋಡಿದೆ.
ಅಸಿವು.
ಏನೂ ತಾಗಲಿಲ್ಲ.

ಪೆನ್ನಿನ ಮುಚ್ಚಳ ಹಾಕಿದೆ.
ಹೊರಗೆ ಕಿಟಕಿಗಳ ಸದ್ದು,
ಒಂದೊಂದಾಗಿ ಮುಚ್ಚುತ್ತ ಬರುತ್ತಿದ್ದಾನೆ.
ಜೀವರತ್ನಂ,
ಒಂದು ಮೊಳೆ ಇದ್ದರೆ ಕೊಡಪ್ಪ.
ಹಾಗೇ ಆ ಸುತ್ತಿಗೆ.