ಫಹಾಹೀಲಿನ ಶುಕ್ರವಾರ

ಮೂರನೇ ಮಹಡಿ. ಎ.ಸಿ.ಯ ಗೊರಕೆಗಿಂತ
ತುಸು ಮೇಲೆ ನನ್ನ ದನಿ.
ವಾರವಿಡೀ ಸ್ಪೇರ್ ಪಾರ್ಟ್ಸ್ ಲೆಕ್ಕ ಬರೆವ ಕೈ
ಇವತ್ತು ಬೋರ್ಡಿನ ಮೇಲೆ ದುಂಡಗೆ ಬರೆದಿದೆ:
ಮರಳು.

"ಒಂದೇ ಪದ, ಅರ್ಥ ಎರಡು.
ಕಾಲಡಿಯದು ಒಂದು; ಇನ್ನೊಂದು,
ಹಿಂದಿರುಗು ಅನ್ನುವುದು.
ನೋಡಿ, ಕವಿತೆ ಇಲ್ಲೇ ಇದೆ" ಅಂದೆ.
ಹತ್ತು ದಿನದಿಂದ ಕೂಡಿಟ್ಟಿದ್ದ ಮಾತು.

ಮೆಲ್ರಿಕ್ ಕೈ ಎತ್ತಿದ. ಮೀಸೆ ಈಗಷ್ಟೇ ಚಿಗುರಿದೆ.
"ಎಲ್ಲಿಗೆ ಸರ್? ನಾನು ಹುಟ್ಟಿದ್ದು
ಅಗೋ, ಆ ಆಸ್ಪತ್ರೆಯಲ್ಲಿ."
ಕಿಟಕಿಯಾಚೆ ಬೆರಳು.
ನಾನು ಡಸ್ಟರ್ ಹುಡುಕಿದೆ.

ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷು, ಬಕಾಲದಲ್ಲಿ ಅರಬಿ,
ಅಫ್ರಾಗೆ ಕನ್ನಡ ನಾಲ್ಕನೆಯದು.
ಒತ್ತಕ್ಷರಕ್ಕೆ ಹೆದರುತ್ತಾಳೆ.
ಅಂಗೈ ಅಡ್ಡವಿಟ್ಟು ಬರೆದಳು:

ರಜೆಗೆ ಹೋದಾಗ ಅಜಿ
ನನ ಚಪಲಿ ಕೊಡವಿದರು.
ಅಂಗಳಕೆ ಬಿದ ಮರಳು
ನನಗಿಂತ ಬೇಗ ಊರಿನದಾಯಿತು.

ಒಂದೂ ಒತ್ತಿಲ್ಲ. ಕೆಂಪು ಪೆನ್ನು ಹಿಡಿದವನು
ಮತ್ತೆ ಓದಿದೆ, ಈ ಸಲ ಗಟ್ಟಿಯಾಗಿ,
ಅವಳು ಬರೆದ ಹಾಗೆಯೇ.
ಎಲ್ಲೂ ಎಡವಲಿಲ್ಲ.

ಹಿಂದಿನ ಬೆಂಚಿನಿಂದ ಮೆಲ್ರಿಕ್:
"ಸರ್, ನನಗೆ ಒಂದೇ ಅರ್ಥ ಇರೋ ಪದ ಕೊಡಿ."