ಪೈಪಿಗೆ ಕೌದಿ

ಉದ್ಯಮಬಾಗದ ಫೌಂಡ್ರಿ. ಡಿಸೆಂಬರಿನ ನಸುಕು.
ಟಾಕಿಯೊಳಗ ಫರ್ನೇಸ್ ಆಯಿಲ್
ಕಾಕಂಬಿಹಂಗ ಗಟ್ಟಿ.
ಬರ್ನರ್ ಎರಡು ಸಲ ಕೆಮ್ಮಿತು, ಸುಮ್ಮನಾತು.

ದಸ್ತಗೀರ ಚಾಚಾ ಬೈಲಿಲ್ಲ.
ವಾಲ್ವಿನ ಕುತ್ತಿಗಿ ಸವರಿದ,
ಬಿಸಿನೀರು ಸುರುವಿದ, ಗೋಣಿತಾಟು ಸುತ್ತಿದ.
ಸಾಲಲಿಲ್ಲ.
ತಾನು ಹೊದ್ದಿದ್ದ ಕೌದಿ ತಗದು
ಪೈಪಿನ ಮೊಣಕೈಗೆ ಬಿಗಿದ
ಕೂಸಿಗೆ ಕುಂಚಿಗಿ ಕಟ್ಟಿದಂಗ.

ಕಾಕಡಾ ಹಿಡಕೊಂಡು ನಿಂತಿದ್ದೆ ನಾನು.
‘ಉರಿ ತೋರಿಸಬ್ಯಾಡಲೇ,
ಎಣ್ಣಿಗೆ ಅವಸರ ಮಾಡಬಾರದು’ ಅಂದ,
ಬರೇ ಬನಿಯನ್ನಿನ್ಯಾಗ ನಡುಗುತ್ತ.

ಏಳಕ್ಕ ಬರ್ನರ್ ಹೊತ್ತಿತು.
ಎಂಟಕ್ಕ ಡಬ್ಬಿ ತಂದ ಖೈರುನ್ ಚಾಚಿ
ಅಲ್ಲೇ ನಿಂತಳು:
ಕೌದಿ ನಡುವ ಆಕಿ ಲಗ್ನದ ಸೀರಿ ತುಂಡು,
ಅದರ ಮ್ಯಾಲೆ ಕರಿ ಎಣ್ಣಿ.

ಬೈಯಾಕಂತ ಬಾಯಿ ತಗದಾಕಿ
ಕೈ ಇಟ್ಟು ನೋಡಿದಳು.
ಬೆಚ್ಚಗಿತ್ತು.
ಡಬ್ಬಿ ಆರಿದರೂ ಕೈ ತೆಗೀಲಿಲ್ಲ.